ಇಲಿಮನೆಯ ಮನ್ಮಥಪ್ಪ

ಉದಗೀರದ ನಮ್ಮ ಸಂಶೋಧನಾ ಕೇಂದ್ರಕ್ಕೆ ಬಂದ ದೊಡ್ಡ ಅತಿಥಿಗೆ ಮನ್ಮಥಪ್ಪ ಬಾಗಿ ಹಾರ ಹಾಕುತ್ತಿದ್ದಾಗ ಅವನ ಅಂಗಿಯ ಜೇಬಿನಿಂದ ಬಿಳಿ ಇಲಿಯೊಂದು ಇಣುಕಿತು. "ಅದಕ್ಕ ಥಂಡಿ ಹತ್ತಿತ್ರೀ," ಎಂದ, ನಾಚದೆ. ವಂಶದಲ್ಲಿ ಇಳಿದು ಬರುವ, ಮೂಳೆ ಪಟಪಟ ಮುರಿಯುವ ಒಂದು ರೋಗದ ಅಧ್ಯಯನಕ್ಕಾಗಿ ಅದೇ ದೋಷ ಹೊತ್ತು ಹುಟ್ಟಿದ ಇಲಿಗಳನ್ನು ಸಾಕುವುದು ಅವನ ಕೆಲಸ. ಇಲಿಗಿರುವ ಮರ್ಯಾದೆ ಇಲ್ಲಿ ನಮಗಿಲ್ಲ. ಬಾಲ ಹಿಡಿದು ಎತ್ತಿದವರನ್ನು ಅವನು ವಾರಗಟ್ಟಲೆ ಮಾತಾಡಿಸುವುದಿಲ್ಲ. ತಾನು ಮಾತ್ರ ಪೂಜೆಗೆ ಇಷ್ಟಲಿಂಗ ಹಿಡಿದಂತೆ ಎಡ ಅಂಗೈಯಲ್ಲಿ ಕೂರಿಸಿಕೊಳ್ಳುತ್ತಾನೆ. ಯಾರಾದರೂ ಬಾಗಿಲು ಧಡ್ಡನೆ ಹಾಕಿದರೆ, "ನಮ್ಮ ಕಡೆ ತೊಂಬತ್ಮೂರರಾಗ ಆದ ಭೂಕಂಪ ಸಾಲಲಿಲ್ಲೇನ್ರಿ ಸಾಹೇಬ್ರ?" ಎನ್ನುತ್ತಾನೆ. ಎಕ್ಸ್‌ರೇಯಲ್ಲಿ ಹೊಸ ಬಿರುಕು ಕಂಡ ದಿನ ಊಟದ ಡಬ್ಬಿ ಬಿಚ್ಚುವುದೇ ಇಲ್ಲ. ಇದು ಅತಿಯಾಯಿತೆಂದು ನಾವೆಲ್ಲ ನಗುತ್ತಿದ್ದೆವು, ಅವನ ಹನ್ನೆರಡು ವರ್ಷದ ಮಗಳು ಸ್ವಪ್ನಾಲಿಗೂ ಅದೇ ರೋಗವಿದೆ, ಈಗಾಗಲೇ ಏಳು ಸಲ ಮೂಳೆ ಮುರಿದಿದೆ ಎಂದು ತಿಳಿಯುವವರೆಗೆ. "ಮನ್ಮಥಪ್ಪ, ಈ ಇಲಿಗಳ ಕಥಿ ಕೇಳಿ ಮಗಳು ಏನಂತಾಳ?" ಎಂದು ಕೇಳಿದೆ. "ಆಕೀಗೆ ಹೇಳೇ ಇಲ್ರೀ," ಎಂದ. "ಇಲಿ ಹೆಸರು ತಗದ್ರ ಸಾಕು, ಅಂಜಿ ಖಾಟಿನಿಂದ ಜಿಗೀತಾಳ."