ಕೆಳಮನೆಯವರ ಬುಧವಾರ

ಹಳೆಯ ಚಳಿಗಾಲದ ಜಾಕೆಟ್ಟನ್ನು ಒಗೆಯಲು ಹಾಕುವ ಮುನ್ನ ಜೇಬು ತಡಕಿದೆ. ಹಳದಿ ಸ್ಪಂಜಿನ ಎರಡು ತುಂಡು ಸಿಕ್ಕವು. ಗದ್ದಲ ಕೇಳದಂತೆ ಕಿವಿಗೆ ತುರುಕಿಕೊಳ್ಳುವ ಬಿರಡೆಗಳು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ಒಡೆದಿರಲಿಲ್ಲ. ವಾಷಿಂಗ್ ಮೆಷಿನ್ನಿನ ಮುಂದೆ ಹಾಗೇ ನೆಲದ ಮೇಲೆ ಕೂತುಬಿಟ್ಟೆ...

ಕೊಟ್ಟವರು ಬೆಸ್ಟ್ ಎಂಬ ಡಚ್ ಊರಿನಲ್ಲಿ ನನ್ನ ಕೋಣೆಯ ಕೆಳಗಿದ್ದ ಕೆಳಮನೆಯವರು. ಆಗ ನಾನು ಐಂಡ್‌ಹೋವನ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅಲ್ಲಿ ರೂಮು ಸಿಗದೆ ಪಕ್ಕದ ಬೆಸ್ಟ್‌ನಲ್ಲಿ ಒಂದು ಮಹಡಿಯ ಕೋಣೆ ಹಿಡಿದಿದ್ದೆ. ಹೋದ ದಿನವೇ ಅವರು ಬಾಗಿಲು ತಟ್ಟಿದರು. ಐವತ್ತು ದಾಟಿದ ಭಾರಿ ಆಳು. ಬೆನ್ನಿಗೆ ಇಳಿದ ನರೆಗೂದಲು, ಕಪ್ಪು ಟೀ ಶರ್ಟು, ಅದರ ಮೇಲೆ ಜಾಲಿಮುಳ್ಳಿನ ಪೊದೆಯಂಥ ಅಕ್ಷರಗಳು.

"ಬುಧವಾರ ಸಂಜೆ ಏಳರಿಂದ ಒಂಬತ್ತರವರೆಗೆ ಗದ್ದಲ ಮಾಡ್ತೀನಿ. ಬೇರೆ ದಿನ ಇಲ್ಲ. ಇದು ನಿನಗೆ," ಎಂದು ಬಿರಡೆಗಳನ್ನು ಅಂಗೈಗಿಟ್ಟರು.

ಟೀ ಶರ್ಟಿನ ಮೇಲೆ ಏನು ಬರೆದಿದೆ ಎಂದು ಕೇಳಿದೆ. ತಮ್ಮ ಹೆವಿ ಮೆಟಲ್ ಬ್ಯಾಂಡಿನ ಹೆಸರು ಎಂದರು. ಓದಲು ಬರುತ್ತಿಲ್ಲ ಎಂದೆ.

"ಬರಬಾರದು. ಓದೋಕೆ ಬಂದ್ರೆ ಅದು ಪಾಪ್ ಬ್ಯಾಂಡು."

ಮಾಸ್ಟ್ರಿಕ್ಟ್‌ನಲ್ಲಿ ಓದುತ್ತಿದ್ದ ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದಾಗ ಅವನು ನನಗಿಂತ ಹೆಚ್ಚು ಗಾಬರಿಯಾದ. "ಮಗಾ, ಮೆಟಲ್ಲಾ? ಸುಮ್ನೆ ಮುನ್ಸಿಪಾಲಿಟಿಗೆ ಒಂದು ಮೇಲ್ ಹಾಕು. ಇಲ್ಲಿ ಸೌಂಡಿಗೆಲ್ಲ ರೂಲ್ಸ್ ಇದೆ."

ನಾನು ಮೇಲ್ ಹಾಕಲಿಲ್ಲ, ಬಿರಡೆಯನ್ನೂ ಹಾಕಿಕೊಳ್ಳಲಿಲ್ಲ. ಲ್ಯಾಬಿನಲ್ಲಿ ಒಂದು ಹಾಯ್, ಅಂಗಡಿಯಲ್ಲಿ ಒಂದು ಥ್ಯಾಂಕ್ಸ್, ಅಷ್ಟಕ್ಕೆ ನನ್ನ ದಿನದ ಮಾತು ಮುಗಿಯುತ್ತಿತ್ತು. ಭಾನುವಾರ ನನ್ನ ದನಿಯನ್ನು ನಾನೇ ಕೇಳಬೇಕೆಂದು ಕುಕ್ಕರಿನ ಸೀಟಿಯನ್ನು ಜೋರಾಗಿ ಎಣಿಸುತ್ತಿದ್ದೆ. ಅಂಥವನಿಗೆ ಗದ್ದಲ ಬೇಡವಾಗುತ್ತದೆಯೇ?

ಆದರೆ ಬುಧವಾರ ಕೆಳಗಿನಿಂದ ಬಂದದ್ದು ಗದ್ದಲವಲ್ಲ. ಒಂದೇ ಒಂದು ಬೇಸ್ ಗಿಟಾರು. ನೆಲದ ಹಲಗೆಗಳಲ್ಲಿ ಧುಂ ಧುಂ ಎಂದು ಏರಿಬಂದು ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಬಹಳ ಹೊತ್ತು ಏನೂ ಇಲ್ಲ. ಮರೆತರೇನೋ ಎಂದುಕೊಳ್ಳುವಾಗ ಮತ್ತೆ ಶುರು. ವಾರದಿಂದ ವಾರಕ್ಕೆ ಆ ನಿಲುಗಡೆಗಳು ಅದೇ ಜಾಗದಲ್ಲಿ, ಅಷ್ಟೇ ಉದ್ದ.

ಇದು ನನಗೆ ಗೊತ್ತಿದ್ದ ಸಂಗತಿ. ನಮ್ಮಪ್ಪ ರಾಣೆಬೆನ್ನೂರಿನ ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದ. ಹೊಸ ಸಿನಿಮಾ ಹಾಡು ಬಂದರೆ ಮನೆಯ ಟ್ರಂಕಿನ ಮೇಲೆ ತನ್ನ ಪಾಲಿನ ಪೆಟ್ಟುಗಳನ್ನಷ್ಟೇ ಕಲಿಯುತ್ತಿದ್ದ. ಕ್ಲಾರಿನೆಟ್ಟಿನ ಪಾಳಿ ಬಂದಾಗ ಕೈಕಟ್ಟಿ ತಲೆಯಾಡಿಸುತ್ತಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಟ್ರಂಕಿನ ಪಕ್ಕದಲ್ಲಿ ಕೂತೇ ಲೆಕ್ಕ ಮಾಡಿದವನು ನಾನು.

ಅಪ್ಪನಿಗೆ ಹೇಳಿದರೆ ನಕ್ಕೇ ನಕ್ಕ. "ಅಷ್ಟು ದೂರ ಹೋದ್ರೂ ಬ್ಯಾಂಡ್‌ನವ್ರ ಮನೀನ ಸಿಕ್ತೇನಲೇ ನಿನಗ? ಅದಿರ್ಲಿ, ಅವ್ರ ಕ್ಲಾರಿನೆಟ್‌ನವ ಎಲ್ಲಿ ಹೋಗ್ಯಾನ, ಕೇಳು."

ಕೇಳಿದೆ. ಕೆಳಮನೆಯವರು ಒಳಗೆ ಕರೆದು ಕಾಫಿ ಕೊಟ್ಟರು, ಜೊತೆಗೆ ಒಂದೇ ಒಂದು ಬಿಸ್ಕತ್ತು.

ಒಂದೇ ಶಾಲೆಯ ನಾಲ್ವರು ಹುಡುಗರು ಊರಿನ ಯುವಕೇಂದ್ರದ ನೆಲಮಾಳಿಗೆಯಲ್ಲಿ ಕಟ್ಟಿದ ಬ್ಯಾಂಡು ಅದು. ಎರಡು ಕ್ಯಾಸೆಟ್ಟು, ಒಂದು ರೆಕಾರ್ಡು. ಹಳೆಯ ಬ್ರೆಡ್ ವ್ಯಾನಿನಲ್ಲಿ ಪೋಲೆಂಡ್‌ವರೆಗೂ ಹೋಗಿ ನುಡಿಸಿದ್ದರಂತೆ. ವೇದಿಕೆಯ ಮೇಲೆ ಕಪ್ಪು ಬಟ್ಟೆಗೆಲ್ಲ ಮೈದಾಹಿಟ್ಟು ಮೆತ್ತಿರುತ್ತಿತ್ತಂತೆ. ಅವರು ಕಾಣದ ದೇಶಗಳಿಗೂ ಕ್ಯಾಸೆಟ್ಟುಗಳು ಅಂಚೆಯಲ್ಲಿ ಹೋದವು. ಹೆಸರು ಮಾತ್ರ ಬರಲಿಲ್ಲ.

"ಕ್ಯಾಸೆಟ್‌ನಲ್ಲಿ ನನ್ನ ಬೇಸು ಕೇಳೋದೇ ಇಲ್ಲ. ಅಷ್ಟು ಕೆಟ್ಟ ರೆಕಾರ್ಡಿಂಗು. ಇವತ್ತಿನವರೆಗೂ ಯಾರೂ ಕಂಪ್ಲೇಂಟ್ ಮಾಡಿಲ್ಲ ನೋಡು!"

ಆಮೇಲೆ ಗಿಟಾರಿನವನು ಗ್ರೋನಿಂಗನ್‌ಗೆ ಹೋದ. ಹಾಡುಗಾರ ಹೆಡ್‌ಮಾಸ್ಟರಾದ. ಡ್ರಮ್ಮಿನವನಿಗೆ ಆಸ್ಪತ್ರೆಯ ಶಿಫ್ಟು. "ನಾವು ಒಡೆದಿಲ್ಲ. ಡೇಟ್ ಕೂಡಿ ಬರ್ತಿಲ್ಲ, ಅಷ್ಟೇ." ಅಕ್ಕನ ಮನೆಗೆ ಕಾಫಿಗೆ ಹೋಗಲೂ ತಿಂಗಳ ಮುಂಚೆ ಡೈರಿ ತೆರೆಯುವ ದೇಶ ಇದು. ಅದೇ ಯುವಕೇಂದ್ರದಲ್ಲಿ ನಾಲ್ವರೂ ಇನ್ನೊಂದೇ ಒಂದು ಸಲ ನುಡಿಸಬೇಕೆಂಬುದು ಅವರ ಆಸೆ. ಆ ದಿನ ತುಕ್ಕು ಹಿಡಿದವನು ತಾನಾಗಿರಬಾರದೆಂದು ಈ ಬುಧವಾರಗಳು. ಹೀಗೆ ನುಡಿಸುವುದನ್ನು ಗೆಳೆಯರಿಗೆ ಹೇಳಿದ್ದೀರಾ ಎಂದರೆ ಇಲ್ಲವೆಂದು ತಲೆಯಾಡಿಸಿದರು. "ಹೇಳಿದ್ರೆ ಒತ್ತಾಯ ಮಾಡಿದ ಹಾಗಾಗುತ್ತೆ."

ನಾನು ಪದವಿ ಪಡೆದ ದಿನ ಅದೇ ಟೀ ಶರ್ಟಿನ ಮೇಲೊಂದು ಕೋಟು ಹಾಕಿಕೊಂಡು ಬಂದರು. ನನ್ನ ಹೆಸರು ಕರೆದಾಗ ಅಪ್ಪ ಇರಬೇಕಾಗಿದ್ದ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆ ದೊಡ್ಡ ಕೈಗಳ ಸದ್ದು...

ಕೆಲಸ ಹುಡುಕುತ್ತ ನಾನು ಅದೇ ಕೋಣೆಯಲ್ಲಿ ಉಳಿದಿದ್ದ ಆ ಚಳಿಗಾಲದಲ್ಲಿ ಒಮ್ಮೆ ಮೆಟ್ಟಿಲು ಹತ್ತಿ ಓಡಿಬಂದರು. "ನಾಲ್ಕೂ ಜನ ಹೂಂ ಅಂದ್ರು! ಮೇ ತಿಂಗಳು, ಶನಿವಾರ!" ಅಲ್ಲಿಂದಾಚೆಗೆ ಬುಧವಾರದ ಧುಂ ಧುಂ ಚುರುಕಾಯಿತು. ನಾನೂ ನನ್ನ ಡೈರಿಯಲ್ಲಿ ಬರೆದುಕೊಂಡೆ.

ಏಪ್ರಿಲ್‌ನಲ್ಲಿ, ಸೈಕಲ್ ಮೇಲೆ ಹೋಗುತ್ತಿದ್ದಾಗ ಅವರ ಎದೆಬಡಿತ ನಿಂತಿತು. ಅವರ ಅಕ್ಕ ಬಂದು ಹೇಳಿದರು. ಬುಧವಾರ ಏಳು ಗಂಟೆಗೆ ನಾನು ಸುಮ್ಮನೆ ನೆಲದ ಮೇಲೆ ಅಂಗೈ ಊರಿ ಕೂತಿದ್ದೆ.

ಗೊತ್ತುಮಾಡಿದ್ದ ತಾರೀಕನ್ನು ಯಾರೂ ಅಳಿಸಲಿಲ್ಲ. ಮೂವರೂ ಯುವಕೇಂದ್ರಕ್ಕೆ ಬಂದರು, ನಾನೂ ಹೋದೆ. ಬೇರೆ ಬೇಸಿನವನನ್ನು ಕರೆಯಲಿಲ್ಲ. ಕೆಳಮನೆಯವರ ಸ್ಪೀಕರ್ ಡಬ್ಬವನ್ನು ಅದರ ಜಾಗದಲ್ಲಿಟ್ಟು ಸ್ವಿಚ್ ಹಾಕಿದ್ದರು. ಪುಟ್ಟ ಕೆಂಪು ದೀಪ ಉರಿಯುತ್ತಿತ್ತು, ಮುಂದೆ ಯಾರೂ ಇರಲಿಲ್ಲ. ಕೇಳಲು ಬಂದವರು ಬೆರಳೆಣಿಕೆಯ ಹಳೆಯ ಟೀ ಶರ್ಟುಗಳು. ಹಾಡು ಶುರುವಾಯಿತು. ಕೆಳಮನೆಯವರು ಸುಮ್ಮನಿರುತ್ತಿದ್ದ ಜಾಗಗಳಲ್ಲಿ ಗಿಟಾರು ಬಂತು, ಡ್ರಮ್ಮು ಬಂತು, ಕೂಗು ಬಂತು. ಅವರು ನುಡಿಸುತ್ತಿದ್ದ ಜಾಗಗಳು ಟೊಳ್ಳಾಗಿದ್ದವು. ನಾನು ಅರ್ಧ ಹಾಡನ್ನು ಎರಡು ವರ್ಷಕ್ಕೂ ಹೆಚ್ಚು ಕೇಳಿದವನು. ಉಳಿದರ್ಧ ಅವತ್ತು ಕೇಳಿಸಿತು. ಎರಡನ್ನೂ ಒಟ್ಟಿಗೆ ಕೇಳುವ ದಿನ ಬರಲೇ ಇಲ್ಲ.

ಮುಗಿದ ಮೇಲೆ ಗಿಟಾರಿನವರು ನನ್ನ ಬಳಿ ಬಂದರು. "ನೀನು ಹಿಮ್ಮಡಿಯಲ್ಲಿ ತಾಳ ಹಾಕ್ತಿದ್ದೆ. ನಮ್ಮ ಹಾಡು ಗೊತ್ತಾ ನಿನಗೆ?"

"ಅವರ ಪಾಲು ಗೊತ್ತು. ನಾನು ಅವರ ಮಹಡಿಯಲ್ಲಿರೋದು. ಪ್ರತಿ ಬುಧವಾರ ನುಡಿಸ್ತಿದ್ರು."

"ಪ್ರತಿ ಬುಧವಾರ? ಒಬ್ಬನೇ?"

ಅವರು ಹಿಂತಿರುಗಿ ಡಚ್ಚಿನಲ್ಲಿ ಅದನ್ನೇ ಹೇಳಿದರು. ತಂತಿ ಸುತ್ತುತ್ತಿದ್ದ ಹೆಡ್‌ಮಾಸ್ಟರರ ಕೈ ನಿಂತಿತು. ಡ್ರಮ್ಮಿನವರು ತಮ್ಮ ಸ್ಟೂಲಿನ ಮೇಲೆ ಮತ್ತೆ ಕೂತರು. ಕೋಲುಗಳನ್ನು ತೊಡೆಯ ಮೇಲಿಟ್ಟು, ನನಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದರು.

"ಬುಧವಾರ ನನಗೂ ಬಿಡುವಿತ್ತು."

ಈಗ ನಾನಿರುವುದು ಆಮ್ಸ್ಟರ್‌ಡ್ಯಾಮ್‌ನಲ್ಲಿ. ಇಲ್ಲಿನ ಸ್ಲೋಟರ್‌ಡೈಕ್ ಬಡಾವಣೆಯಲ್ಲಿ ಕೆಲಸ, ಮೂರನೇ ಮಹಡಿಯಲ್ಲಿ ಮನೆ. ಯಾವ ಗೋಡೆಯಿಂದಲೂ ಸದ್ದು ಬರುವುದಿಲ್ಲ. ಅಪ್ಪನೂ ಡ್ರಮ್ಮು ಇಳಿಸಿ ವರ್ಷಗಳಾದವು. ಕೆಳಮನೆಯವರ ಬ್ಯಾಂಡಿನ ಕ್ಯಾಸೆಟ್ಟನ್ನು ಯಾರೋ ಇಂಟರ್‌ನೆಟ್ಟಿಗೆ ಏರಿಸಿದ್ದಾರೆ. ಇವತ್ತು ಹುಡುಕಿ ಹಾಕಿದೆ. ಅವರು ಹೇಳಿದ್ದು ನಿಜ. ಬೇಸು ಕೇಳಿಸುವುದೇ ಇಲ್ಲ. ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ನನ್ನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು...

ಆಮೇಲೆ ಇಲ್ಲಿ ನನ್ನ ಕೆಳಗಿನ ಮನೆಯಲ್ಲಿರುವವರ ನೆನಪಾಗಿ ಕಾಲು ನಿಲ್ಲಿಸಿದೆ. ಅವರ ಮುಖ ನಾನಿನ್ನೂ ನೋಡಿಲ್ಲ. ಇಳಿದು ಹೋಗಿ ಬಾಗಿಲು ತಟ್ಟಿ ಈ ಬಿರಡೆಗಳನ್ನು ಕೊಟ್ಟು ಬರಲೇ ಎಂದು ಬಾಗಿಲವರೆಗೂ ಹೋದೆ. ಕೊಡಲು ಮನಸ್ಸಾಗಲಿಲ್ಲ. ಜಾಕೆಟ್ಟನ್ನು ಒಗೆಯದೆ, ಅವನ್ನು ಅದೇ ಜೇಬಿಗೆ ಹಾಕಿ, ಮೊಳೆಗೆ ತೂಗುಹಾಕಿದೆ.