ರುದ್ರಮುನಿ ಬರೆದ ಷರಾ

ರುದ್ರಮುನಿಯ ಮಣ್ಣಿಗೆ ಹಾಲುತುಪ್ಪ ಬಿಟ್ಟು ಬಂದ ಮಧ್ಯಾಹ್ನವೇ ಆ ಕಾರ್ಡು ನನ್ನ ಮನೆಗೆ ಬಂತು. ಅದಕ್ಕೆ ಮೊದಲು ಅವನ ವಿಷಯ ಹೇಳಬೇಕು.

ಮಾಗಡಿ ರಸ್ತೆಯ ಪಕ್ಕದ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ನಾನು ಕೌಂಟರಿನ ಗುಮಾಸ್ತ, ಅವನು ಪೋಸ್ಟ್‌ಮ್ಯಾನ್. ಇಪ್ಪತ್ತಾರು ವರ್ಷ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡಿದೆವು. ಹೊಳಲ್ಕೆರೆ ಕಡೆಯವನು, ವಿಭೂತಿ ಹಚ್ಚದೆ ಚೀಲ ಮುಟ್ಟುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದ ಮನೆ ನಂಬರುಗಳನ್ನು ಅವನು ನಂಬುತ್ತಿರಲಿಲ್ಲ. ಒಳಗಿನಿಂದ ಕೇಳುವ ಹೊಲಿಗೆ ಮಷೀನಿನ ಸದ್ದಿನಿಂದಲೇ ಬಾಗಿಲು ಗುರುತಿಸುತ್ತಿದ್ದ.

ಅವನಿಗೆ ಹೆಮ್ಮೆಯಿದ್ದದ್ದು ತನ್ನ ಷರಾದ ಬಗ್ಗೆ. ಪತ್ರ ಕೊಡಲಾಗದಿದ್ದರೆ ಪೋಸ್ಟ್‌ಮ್ಯಾನ್ ಲಕೋಟೆಯ ಮೇಲೆ ಕಾರಣ ಬರೆದು, ತಾರೀಖು ಹಾಕಿ, ಸಹಿ ಮಾಡಿ ವಾಪಸು ಕಳಿಸುತ್ತಾನೆ. ಮನೆ ಬಿಟ್ಟಿದ್ದಾರೆ. ತೀರಿಕೊಂಡಿದ್ದಾರೆ. "ನಾನು ಬರದ್ಮೇಲೆ ಮುಗೀತು ಕಣೋ, ದೊರೆ ಬಂದ್ರೂ ಅಳಿಸೋಕಾಗಲ್ಲ" ಅನ್ನುತ್ತಿದ್ದ.

ಆ ಕಚೇರಿ ಬಂದದ್ದು ಲಕ್ಷ್ಮಿದೇವಮ್ಮನವರಿಂದ. ಎಪ್ಪತ್ತರ ದಶಕದಲ್ಲಿ ಊದುಬತ್ತಿ ಹೊಸೆಯುವ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು, ಆಮೇಲೆ ಕಾರ್ಪೊರೇಟರ್ ಆದವರು. ನಾನು ಹೇಳುವ ಕಾಲಕ್ಕೆ ಅವರಿಗೆ ತೊಂಬತ್ತೊಂದು; ನಮಗೆಲ್ಲ ಅವರು ಅಮ್ಮ. ಕಚೇರಿಗೆ ಅವರ ಹೆಸರಿಡಬೇಕೆಂದು ರುದ್ರಮುನಿ ಬೀದಿಬೀದಿ ತಿರುಗಿ ಸಹಿ ಸಂಗ್ರಹಿಸಿದ. ಒಬ್ಬ ಸಂಸದರು ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಲು ಒಪ್ಪಿದರು. ಆದರೆ ಬದುಕಿರುವವರ ಹೆಸರಾದರೆ ಆಗದು ಎಂದು ಸಂಸದರ ಕಚೇರಿಯವರು ಹೇಳಿದರು. ಬದುಕಿದ್ದಾರೆಯೇ ಎಂದು ವಿಚಾರಿಸಿಕೊಳ್ಳಲು ಅಮ್ಮನ ವಿಳಾಸಕ್ಕೇ ಒಂದು ರಿಜಿಸ್ಟರ್ಡ್ ಪತ್ರ ಕಳಿಸಿದರು.

ಅದನ್ನು ಹಿಡಿದು ರುದ್ರಮುನಿ ಅಮ್ಮನ ಒಂಟಿ ಕೋಣೆಯ ಮುಂದೆ ನಿಂತಾಗ ನಾನೂ ಜೊತೆಗಿದ್ದೆ.

"ಅಮ್ಮಾ, ಇದನ್ನ ನೀವು ಇಸ್ಕೊಂಡ್ರೆ ಬೋರ್ಡು ಬರಲ್ಲ."

"ನಾನು ಸತ್ಮೇಲೆ ಬಂದ್ರೆ ಕಾಗೆ ನೋಡುತ್ತೇನೋ? ಬರಿ, ಮುದುಕಿ ಸತ್ತೋದ್ಲು ಅಂತ. ಬೋರ್ಡ್ ಹಾಕೋ ದಿನ ನಾನೇ ಬಂದು ಮುಂದಿನ ಕುರ್ಚೀಲಿ ಕೂತ್ಕೋತೀನಿ."

"ಬಿಡ್ತು ಅನ್ನಿ."

"ಅನ್ನಲ್ಲ. ಬರಿಯೋ."

ಅವನು ಬರೆದ. ಬರೆಯುವಾಗ ನಾನು ತಡೆಯಲಿಲ್ಲ. ನನಗೂ ನಗು ಬಂದಿತ್ತು.

ಮಸೂದೆ ಮಂಡನೆಯಾಯಿತು. ಆದರೆ ಆ ತಿಂಗಳಿಂದ ಅಮ್ಮನ ಹೆಸರಿಗೆ ಒಂದು ಕಾಗದವೂ ಬರಲಿಲ್ಲ, ಮದುವೆ ಪತ್ರಿಕೆಯೂ ಇಲ್ಲ. ಎದುರು ಮನೆಯ ಟೈಲರ್ ಲಿಂಗಪ್ಪ, "ಆ ರೂಮು ಖಾಲಿ ಅಲ್ವಾ ಸಾರ್, ಬಾಡಿಗೆಗೆ ಕೊಡ್ತಾರಾ?" ಎಂದು ರುದ್ರಮುನಿಯನ್ನು ಕೇಳಿದನಂತೆ. ಅಮ್ಮ ಆಗ ಬಾಗಿಲಲ್ಲೇ ಕೂತಿದ್ದರಂತೆ.

"ಮುಂಚೆ ಒಂದ್ಸಲ ಕರೆದ್ರೆ ಓಗೊಡ್ತಿದ್ರು," ಎಂದ ರುದ್ರಮುನಿ, ಊಟದ ಡಬ್ಬಿ ತೆರೆಯದೆ. "ಈಗ ಮೂರನೇ ಸಲ ಕರೆದಾಗ್ಲೇ ಬರೋದು. ಅದೂ ಎಲ್ಲಿಂದ್ಲೋ ಬಂದಂಗೆ."

ಚುನಾವಣೆ ಬಂತು, ಲೋಕಸಭೆ ವಿಸರ್ಜನೆಯಾಯಿತು, ಚರ್ಚೆಯೇ ಆಗದ ಮಸೂದೆ ತಾನಾಗಿ ಬಿದ್ದುಹೋಯಿತು. ಹೆಸರು ಬರಲಿಲ್ಲ, ಷರಾ ಮಾತ್ರ ಉಳಿಯಿತು. ಅದನ್ನು ಸುಳ್ಳು ಮಾಡಲು ಅವನಿಗೆ ಒಂದೇ ದಾರಿ ತೋಚಿತು: ಅಮ್ಮನ ಹೆಸರಿಗೆ ಮತ್ತೊಂದು ರಿಜಿಸ್ಟರ್ಡ್ ಪತ್ರ ಹೋಗಬೇಕು, ಕಳಿಸಿದವರಿಗೆ ವಾಪಸು ಬರುವ ಸ್ವೀಕೃತಿ ಕಾರ್ಡಿನಲ್ಲಿ ಅವರ ಸಹಿ ಬೀಳಬೇಕು. ಕಳಿಸುವವನ ಜಾಗದಲ್ಲಿ ನನ್ನ ಹೆಸರು ಹಾಕಿದ. ಲಕೋಟೆಯೊಳಗೆ ಖಾಲಿ ಹಾಳೆ.

ಅಮ್ಮ ಸಹಿ ಹಾಕಲಿಲ್ಲ. "ಸತ್ತೋರು ಸೈನ್ ಹಾಕ್ತಾರೇನೋ?" ಎಂದರಂತೆ. ಆ ಸಲ ನಗಲಿಲ್ಲವಂತೆ.

ಏಳು ದಿನಕ್ಕೆ ವಾಪಸು ಕಳಿಸಬೇಕಾದ ಪತ್ರವನ್ನು ಅವನು ಚೀಲದ ತಳದಲ್ಲಿಟ್ಟುಕೊಂಡ. ದಿನವೂ ಆ ಬಾಗಿಲಿಗೆ ಹೋದ. ಕಾರ್ತಿಕದಲ್ಲಿ ಅಮ್ಮ ತೀರಿಕೊಂಡರು. ಹೆಗಲು ಕೊಟ್ಟ ನಾಲ್ವರಲ್ಲಿ ನಾನೊಬ್ಬ, ಅವನೊಬ್ಬ. "ನಾನು ಬರದದ್ದು ನಿಜ ಆಯ್ತು, ಆದ್ರೆ ತಾರೀಖು ತಪ್ಪು" ಎಂದ, ಸ್ಮಶಾನದ ನಲ್ಲಿಯಲ್ಲಿ ಕಾಲು ತೊಳೆಯುತ್ತ. ಆಮೇಲೆ ಸತ್ತವರ ಯಾವ ಪತ್ರಕ್ಕೂ ಅವನು ಷರಾ ಬರೆಯಲಿಲ್ಲ. ನನ್ನ ಕೈಲಿ ಬರೆಸುತ್ತಿದ್ದ. ಅಮ್ಮನ ಪತ್ರ ಚೀಲದಲ್ಲೇ ಇತ್ತು. ಎಸೆದುಬಿಡು ಎಂದರೆ, "ಕೊಡಬೇಕು ಕಣೋ" ಎನ್ನುತ್ತಿದ್ದ.

ಕಳೆದ ಸೋಮವಾರ ಬೆಳಿಗ್ಗೆ, ಪತ್ರ ಜೋಡಿಸುತ್ತಿದ್ದವನು ಹಾಗೇ ಮೇಜಿಗೆ ಒರಗಿದ. ಆಸ್ಪತ್ರೆಗೆ ಒಯ್ಯುವ ಮೊದಲೇ ಹೋಗಿದ್ದ. ಅವನ ಚೀಲವನ್ನು ಅವತ್ತೇ ಮಹದೇವ್ ಎಂಬ ಹೊಸ ಪೋಸ್ಟ್‌ಮ್ಯಾನ್‌ಗೆ ಕೊಟ್ಟರು. ಅದರಲ್ಲಿದ್ದದ್ದನ್ನೆಲ್ಲ ಆತ ಹಂಚಿದ.

ಮೂರನೇ ದಿನ ನನಗೆ ಬಂದ ಕಾರ್ಡಿನಲ್ಲಿ ಲಕ್ಷ್ಮಿದೇವಮ್ಮನವರ ಸಹಿ ಇದೆ. ಸೋಮವಾರದ ತಾರೀಖಿದೆ. ನಮ್ಮ ಕೌಂಟರಿನಿಂದ ಅಮ್ಮ ಕಳಿಸಿದ ನಲವತ್ತು ಅರ್ಜಿಗಳ ಕೆಳಗೆ ಆ ಸಹಿ ನೋಡಿದವನು ನಾನು. ಕೊನೆಯ ಬಾಲ ಬಲಕ್ಕೆ ಇಳಿಯುವುದು ಅವರೊಬ್ಬರಿಗೇ.

ಮಹದೇವನನ್ನು ಕೇಳಿದೆ.

"ಯಾರೋ ಅಜ್ಜಿ ಇದ್ರಲ್ಲ ಸಾರ್. ಮೂರು ಸಲ ಕೂಗಿದ್ಮೇಲೆ ಬಂದ್ರು. ರುದ್ರಮುನಿ ಬರ್ಲಿಲ್ವಾ ಅಂದ್ರು. ಇವತ್ತು ಹೋಗ್ಬಿಟ್ರು ಅಂದೆ. ಆಗ ಪೆನ್ ಇಸ್ಕೊಂಡು ಸೈನ್ ಮಾಡಿದ್ರು."

ನಿನ್ನೆ ಸಂಜೆ ನಾನೇ ಹೋದೆ. ಬಾಗಿಲಿನ ಬೀಗ ತುಕ್ಕು ಹಿಡಿದಿತ್ತು, ಮೇಲೆ ಜೇಡ ಬಲೆ ಕಟ್ಟಿತ್ತು. ಕಾರ್ಡು ಜೇಬಿನಲ್ಲಿತ್ತು. ಅಮ್ಮಾ ಎಂದು ಎರಡು ಸಲ ಕರೆದೆ.

ಮೂರನೇ ಸಲ ಕರೆಯದೆ ಮನೆಗೆ ಬಂದೆ.