ಚೀಟಿ ಇಡುವ ಕಿಸೆ

ಕುಮಟಾದ ಕಿರಾಣಿ ಅಂಗಡಿಯವರು ಬೇಳೆ, ಸಕ್ಕರೆ ತುಂಬಿಸಿ ಕೊಟ್ಟ ಬಟ್ಟೆ ಚೀಲ ನೋಡಿ ನಿಂತುಬಿಟ್ಟೆ. ಹಸಿರು ಸೀರೆಯ ಚೀಲ. ಒಳಗೆ ಸಾಮಾನಿನ ಚೀಟಿ ಇಡಲೊಂದು ಪುಟ್ಟ ಕಿಸೆ. ಹಾಗೆ ಕಿಸೆ ಹೊಲಿಯುತ್ತಿದ್ದವಳು ತೀರಿಹೋದ ನನ್ನ ಅಮ್ಮ ಒಬ್ಬಳೇ.

"ನಾವು ಪ್ಲಾಸ್ಟಿಕ್ ಕೊಡೂದು ಬಿಟ್ಟಾಗ ನಿಮ್ಮ ಅಮ್ಮನೇ ಹಳೆ ಸೀರೆಯಲ್ಲಿ ಚೀಲ ಹೊಲ್ದು ಕೊಟ್ಟಿದ್ರು," ಎಂದರು ಅಂಗಡಿಯವರು.

ಇದನ್ನು ನಾನೇ ಇಟ್ಟುಕೊಳ್ಳಲಾ ಎಂದು ಕೇಳಿದೆ.

"ಅದೊಂದು ಆಗೂದಿಲ್ಲ ಅಕ್ಕಾ. ಸಾಮಾನು ಮನೆಗೆ ಒಯ್ದು ಚೀಲ ವಾಪಸ್ ತಂದು ಕೊಡ್ಬೇಕು. ಇಲ್ದಿದ್ರೆ ಮುಂದಿನವ್ರಿಗೆ ಎಂತ ಕೊಡೂದು? ನಿಮ್ಮ ಅಮ್ಮನೇ ಹಾಗೆ ಹೇಳಿ ಕೊಟ್ಟದ್ದು."

ಮೂರು ದಿನ ಹಟ ಹಿಡಿದು ಮನೆಯಲ್ಲೇ ಇಟ್ಟುಕೊಂಡೆ. ನಾಲ್ಕನೆಯ ದಿನ ಒಗೆದು, ಮಡಚಿ ಕೊಟ್ಟುಬಂದೆ. ಆ ಕಿಸೆಯಲ್ಲಿ ಇವತ್ತು ಯಾರ ಮನೆಯ ಚೀಟಿ ಇದೆಯೋ!